ಅರ್ಧಕ್ಕೆ ಏನ್ ಬರೀತೀರಿ?

ಪ್ರೀತಿಯ ಚಿನ್ನವ್ವಗೆ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು 'ಹ್ಞೂಂ ಅವ್ವ, ಹ್ಞೂಂ ಅವ್ವ' ಅಂತ ಬೇರೇನೋ ನೋಡ್ತಾ ಇರ್ತೀಯ, ನನಗೆ ಗೊತ್ತಾಗುತ್ತೆ. ಅದಕ್ಕೇ ಬರೀತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ, ಇಲ್ಲಿ ಕರೆಂಟಿಲ್ಲ.

ಮೊನ್ನೆ ಸೋಮವಾರ ಕಾರಟಗಿಗೆ ಹೋಗಿದ್ದೆ, ನಿನ್ನ ದೊಡ್ಡವ್ವನ ಮೊಣಕಾಲು ನೋವು ಹೇಗಿದೆ ನೋಡಿ ಬರೋಣ ಅಂತ. ಗಂಗಾವತಿಯಲ್ಲಿ ರಾಯಚೂರು ಬಸ್ಸು ಹತ್ತಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಸೀಟು ಸಿಗೋದು ಅಂದ್ರೆ ಲಾಟರಿ ಹೊಡೆದಂಗೆ. ನನ್ನ ಪುಣ್ಯ, ಕಿಟಕಿ ಪಕ್ಕ ಕೂತಿದ್ದ ಒಬ್ಬಾಕೆ ಚೀಲವನ್ನು ತೊಡೆ ಮೇಲೆ ಇಟ್ಟುಕೊಂಡು 'ಬರ್ರಿ ಅಕ್ಕಾರ' ಅಂತ ಜಾಗ ಮಾಡಿಕೊಟ್ಟಳು.

ನನ್ನಷ್ಟೇ ವಯಸ್ಸು. ಕಾಲಿನ ಬೆರಳ ಸಂದಿಯಲ್ಲಿ ಇನ್ನೂ ಗದ್ದೆಯ ಕೆಸರು. ಮಾನ್ವಿ ಹತ್ತಿರದ ಒಂದು ಹಳ್ಳಿಯವಳಂತೆ. ಅವರದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಕಡೆ, ನೀರು ಬರೋದು ತಡ. ಅದಕ್ಕೇ ಮೊದಲು ಗಂಗಾವತಿ ಕಡೆ ಬಂದು ನಾಟಿ ಹಚ್ಚಿ, ಆಮೇಲೆ ತಮ್ಮೂರ ಗದ್ದೆಗೆ ಇಳೀತಾರೆ. ಹನ್ನೊಂದು ಹೆಂಗಸರ ಗುಂಪಿಗೆ ಈಕೆಯೇ ಮೇಸ್ತ್ರಿ. ಬಾಕಿ ಪಗಾರ ವಸೂಲಿ ಮಾಡಿಕೊಂಡು ವಾಪಸ್ ಹೊರಟಿದ್ದಳು.

ಬಸ್ಸು ಊರು ದಾಟುತ್ತಿದ್ದಂತೆ ಚೀಲದಿಂದ ಒಂದು ನೋಟ್‌ಬುಕ್ ತೆಗೆದಳು. ಮಕ್ಕಳು ಬರೆಯೋ ಅಂಥದ್ದೇ. ಗೊಬ್ಬರದ ಚೀಲದ ಪ್ಲಾಸ್ಟಿಕ್ ಕತ್ತರಿಸಿ ರಟ್ಟು ಹಾಕಿದ್ದಳು. ನಾನು ಇಪ್ಪತ್ತು ವರ್ಷ ರೈಸ್ ಮಿಲ್ಲಿನ ಲೆಕ್ಕ ಬರೆದವಳು, ಇನ್ನೊಬ್ಬರ ಲೆಕ್ಕದ ಪುಸ್ತಕ ಕಂಡರೆ ಕಣ್ಣು ಸುಮ್ನಿರುತ್ತಾ? ಇಣುಕಿದೆ.

ಒಂದಕ್ಷರವೂ ಇಲ್ಲ. ಬರೀ ಚಿತ್ರ. ಬಾಚಣಿಗೆ, ಮೀನು, ಬಳೆ, ಕೋಳಿ. ಒಂದೊಂದರ ಮುಂದೆ ಸಾಲಾಗಿ ಕಡ್ಡಿ. ನಾನು ನೋಡಿದ್ದನ್ನು ನೋಡಿ ಪುಸ್ತಕವನ್ನು ಮುಚ್ಚುತ್ತಾಳೆ ಅಂದುಕೊಂಡೆ. ನನ್ನ ಕಡೆಗೇ ತಿರುಗಿಸಿ ಹಿಡಿದಳು. 'ಸಾಲಿಗೆ ಹೋಗಿಲ್ರಿ. ಅಂಕಿ ಬರ್ತಾವ, ರೊಕ್ಕ ಎಣಿಸಿ ಎಣಿಸಿ ಕಲ್ತೀನಿ. ಹೆಸರು ಬರಿಯಾಕ ಬರಂಗಿಲ್ಲ' ಅಂದಳು. ಒಬ್ಬೊಬ್ಬ ಹೆಂಗಸಿಗೂ ಒಂದು ಗುರುತು. ಎರಡು ಚುಕ್ಕಿ ಅಂದ್ರೆ ಅವಳಿ ಮಕ್ಕಳ ತಾಯಿ. ಕುಡುಗೋಲು ಅಂದ್ರೆ ತಾನು. ಪಗಾರ ತಡ ಮಾಡುವ ಸಾಹುಕಾರನಿಗೆ ಆಮೆ!

ಹಳೆಯ ಹಾಳೆಯೊಂದರಲ್ಲಿ ಬಾಗಿಲು ಬರೆದು ಕಾಟು ಹೊಡೆದಿದ್ದಳು. ಇದ್ಯಾರು ಅಂದೆ. 'ಡ್ಯಾಮಿನ ಗೇಟ್ ಹೋತಲ್ರಿ, ಆ ವಾರ.' ನಿನಗೆ ನೆನಪಿದೆ ಅಲ್ವಾ? 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ 19ನೇ ಗೇಟು ಕೊಚ್ಚಿಹೋಯಿತು. ಹರಿಯೋ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸೋ ತನಕ ಒಂದು ವಾರ ನಮ್ಮ ಮನೆಯಲ್ಲೂ ಅದೇ ಮಾತು. ಆ ವಾರ ಯಾರ ಹತ್ತಿರ ಪಗಾರ ಕೇಳಿದರೂ 'ಗೇಟ್ ಆಗ್ಲಿ ತಡಿ' ಅಂತಿದ್ದರಂತೆ. ಆ ಹಾಳೆಯ ತುಂಬ ಬಾಕಿ, ಒಂದೂ ಮರೆತಿಲ್ಲ. ನಾನು ಮನಸ್ಸಿನಲ್ಲೇ ಕೂಡಿಸಿ ನೋಡಿದೆ. ಲೆಕ್ಕ ಸರಿ ಇತ್ತು. (ಮಿಲ್ಲಿನಲ್ಲಿ ನನ್ನ ಲೆಕ್ಕ ಒಂದೇ ಸಲಕ್ಕೆ ತಾಳೆಯಾದದ್ದು ಕಡಿಮೆ, ಇದು ನಿಮ್ಮಪ್ಪನಿಗೆ ಹೇಳಬೇಡ.)

'ನೀವು ಲೆಕ್ಕ ಬರಿಯೋರಾ?' ಅಂದಳು. ಹೌದು ಅಂದೆ. 'ಹಂಗಾರ ಅರ್ಧಕ್ಕ ಏನ್ ಬರೀತೀರಿ?'

ಪೂರ್ತಿ ದಿನಕ್ಕೆ ಉದ್ದ ಕಡ್ಡಿ, ಅರ್ಧ ದಿನಕ್ಕೆ ಗಿಡ್ಡ ಕಡ್ಡಿ ಎಳೆಯುತ್ತಿದ್ದಳಂತೆ. ಒದ್ದೆ ಕೈ ತಾಗಿ ಶಾಯಿ ಹರಡಿ, ಗಿಡ್ಡದ್ದು ಉದ್ದ ಆಗಿ, ಬಾಚಣಿಗೆಗೂ ಮೀನಿಗೂ ಜಗಳ. ನಾನು ಜೀರೋ ಟಿಕೆಟಿನ ಹಿಂದೆ ಬರೆದೆ. ಮೇಲೆ ಒಂದು, ನಡುವೆ ಗೀಟು, ಕೆಳಗೆ ಎರಡು. ಅದನ್ನೇ ಸ್ವಲ್ಪ ಹೊತ್ತು ನೋಡಿದಳು. 'ಮ್ಯಾಲ ಒಂದು ರೊಟ್ಟಿ, ಕೆಳಗ ಎರಡು ಮಂದಿ. ಹೌದಿಲ್ರಿ?' ಭಿನ್ನರಾಶಿಯನ್ನು ನನಗೆ ಯಾರೂ ಹೀಗೆ ಹೇಳಿಕೊಟ್ಟಿರಲಿಲ್ಲ, ಚಿನ್ನವ್ವ. ಮರುಕ್ಷಣವೇ 'ಹಂಗಾರ ಕಾಲು ಅಂದ್ರ ಕೆಳಗ ನಾಕು ಮಂದಿ!' ಅಂತ ತಾನೇ ಬರೆದು ತೋರಿಸಿದಳು. ಹಿಂದಿನ ಸೀಟಿನವರೂ ಬಗ್ಗಿ ನೋಡುತ್ತಿದ್ದರು. ಆಕೆಗೆ ಅದರ ಪರಿವೇ ಇರಲಿಲ್ಲ.

ಆಗ ನೀನು ಹೋದ ಭಾನುವಾರ ಹೇಳಿದ್ದು ನೆನಪಾಯಿತು. ಕ್ಲಾಸಿನಲ್ಲಿ ಅರ್ಥವಾಗದೇ ಇದ್ದರೂ ಕೇಳಲಿಲ್ಲ, ನನ್ನ ಮಾತಿಗೆ ನಗ್ತಾರೆ ಅಂದೆಯಲ್ಲ. ನಾನೇನು ಕಡಿಮೆಯಿಲ್ಲ. 2017ರಲ್ಲಿ ಜಿಎಸ್‌ಟಿ ಬಂದು ಮಿಲ್ಲಿನ ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋಯಿತು. ಹೇಳಿಕೊಡೋ ಹುಡುಗ ನಿನ್ನ ಅಣ್ಣನ ವಯಸ್ಸಿನವನು. ಅವನನ್ನು ಕೇಳೋಕೆ ನಾಚಿಕೆ. ಎರಡು ತಿಂಗಳು ರಾತ್ರಿ ಮನೆಯಲ್ಲಿ ಕೈಯಲ್ಲಿ ಬರೆದು, ಬೆಳಿಗ್ಗೆ ಹೋಗಿ ಕುಟ್ಟುತ್ತಿದ್ದೆ. ಅಡುಗೆಮನೆಯಲ್ಲಿ ಏನು ಬರೀತಿದ್ದೀಯ ಅಂತ ನೀನು ಕೇಳಿದಾಗ ದಿನಸಿ ಪಟ್ಟಿ ಅಂದಿದ್ದೆ. ಅದು ಸುಳ್ಳು.

ಮುಕ್ಕಾಲು ಗಂಟೆಗೆ ಕಾರಟಗಿ ಬಂತು. ಪೆನ್ನು ಅವಳ ಕೈಯಲ್ಲೇ ಬಿಟ್ಟು ಇಳಿದೆ. ಬಸ್ಸು ಇನ್ನೇನು ಹೊರಡಬೇಕು, ಕಿಟಕಿಯಿಂದ ತಲೆ ಹಾಕಿ ಕೂಗಿದಳು, 'ಅಕ್ಕಾರ, ಮತ್ತ ಮುಕ್ಕಾಲಿಗೆ?'

ಬಾಯಲ್ಲಿ ಹೇಳಿದರೆ ಆ ಗದ್ದಲದಲ್ಲಿ ಕೇಳಿಸಲ್ಲ ಅಂತ, ಕಿಟಕಿ ಗಾಜಿನ ಧೂಳಿನ ಮೇಲೆ ಬೆರಳಿನಿಂದ ಬರೆದೆ. ಮೂರು, ಗೀಟು, ನಾಲ್ಕು. ಬಸ್ಸು ಹೋಯಿತು. ಒಳಗಿಂದ ನೋಡಿದರೆ ಅದು ತಿರುಗಾಮುರುಗಾ ಕಾಣುತ್ತೆ ಅಂತ ನನಗೆ ಹೊಳೆದಿದ್ದು ದೊಡ್ಡವ್ವನ ಮನೆ ಬಾಗಿಲಿಗೆ ಬಂದ ಮೇಲೆ. ಮಾನ್ವಿ ಮುಟ್ಟೋದ್ರೊಳಗೆ ಇನ್ಯಾರನ್ನೋ ಕೇಳಿರ್ತಾಳೆ ಬಿಡು.

ನಿನ್ನ ಅವ್ವ