ವಿಮಾನದ ಸೀಟಿನ ಸಾಕೆಟ್ ಮೇಲೆ ವ್ಯಾಟ್ ಬರೆಯಲಿ

ಮಾನ್ಯ ಸಂಪಾದಕರೆ,

ವಿದೇಶಕ್ಕೆ ಹೋಗುವ ವಿಮಾನದ ಟಿಕೆಟ್ ಬುಕ್ ಮಾಡುವಾಗ ‘ಸೀಟಿನಲ್ಲೇ ಪವರ್ ಸೌಲಭ್ಯ’ ಎಂಬ ಸಾಲು ಕಾಣಿಸುತ್ತದೆ, ಪಕ್ಕದಲ್ಲಿ ಪ್ಲಗ್ಗಿನ ಚಿತ್ರವೂ ಇರುತ್ತದೆ. ಆ ಸಾಕೆಟ್ ಎಷ್ಟು ವ್ಯಾಟ್ ಕೊಡುತ್ತದೆ, ಅದಕ್ಕೆ ಯಾವ ಪಿನ್ನು ಹಿಡಿಸುತ್ತದೆ ಎಂಬ ವಿವರ ಮಾತ್ರ ಸಾಮಾನ್ಯವಾಗಿ ಟಿಕೆಟ್‌ನಲ್ಲೂ ಇರುವುದಿಲ್ಲ, ಸಾಕೆಟ್ ಮೇಲೂ ಇರುವುದಿಲ್ಲ. ಬೆಂಗಳೂರಿನಿಂದ ಯುರೋಪು, ಅಮೆರಿಕಕ್ಕೆ ಕೆಲಸದ ಮೇಲೆ ಹೋಗುವವರಲ್ಲಿ ಹೆಚ್ಚಿನವರ ಕೈಯಲ್ಲಿ ಲ್ಯಾಪ್‌ಟಾಪ್ ಇದ್ದೇ ಇರುತ್ತದೆ. ಚಾರ್ಜರ್ ಚುಚ್ಚಿದರೆ ಸಾಕೆಟ್ಟಿನ ಹಸಿರು ದೀಪ ಹತ್ತುತ್ತದೆ, ಒಂದೆರಡು ನಿಮಿಷಕ್ಕೆ ಆರಿಹೋಗುತ್ತದೆ. ಚಾರ್ಜರ್ ಸುಟ್ಟಿತು ಅಂತ ಒಬ್ಬರು, ಸಾಕೆಟ್ ಕೆಟ್ಟಿದೆ ಅಂತ ಇನ್ನೊಬ್ಬರು. ಬಹಳಷ್ಟು ಸಲ ಎರಡೂ ಸರಿಯಾಗಿಯೇ ಇರುತ್ತವೆ. ಮಿತಿ ಮೀರಿದ ಲೋಡ್ ಕಂಡು ಸೀಟಿನ ಕೆಳಗಿನ ಪೆಟ್ಟಿಗೆ ತಾನಾಗಿಯೇ ವಿದ್ಯುತ್ ಕಡಿದಿರುತ್ತದೆ.

ಆ ಪೆಟ್ಟಿಗೆಯ ಕೆಲಸ ಏನೆಂದು ತಿಳಿದರೆ ಉಳಿದದ್ದು ಸುಲಭ. ವಿಮಾನದ ಜನರೇಟರ್ ಕೊಡುವ ವಿದ್ಯುತ್ ನಮ್ಮ ಮನೆಯ 230 ವೋಲ್ಟ್, 50 ಹರ್ಟ್ಸ್ ಅಲ್ಲ. ಬಹುತೇಕ ವಿಮಾನಗಳಲ್ಲಿ ಅದು 115 ವೋಲ್ಟ್, 400 ಹರ್ಟ್ಸ್. ಆವರ್ತನ, ಅಂದರೆ ಈ ಹರ್ಟ್ಸ್ ಸಂಖ್ಯೆ, ಹೆಚ್ಚಿದ್ದಷ್ಟೂ ಟ್ರಾನ್ಸ್‌ಫಾರ್ಮರ್, ಮೋಟಾರುಗಳು ಚಿಕ್ಕದಾಗಿ, ಹಗುರವಾಗಿ ಬರುತ್ತವೆ ಎಂಬುದೇ ಅದಕ್ಕೆ ಕಾರಣ. ಬೋಯಿಂಗ್ 787, ಏರ್‌ಬಸ್ ಎ350ಗಳಲ್ಲಂತೂ ಎಂಜಿನ್ನಿನ ವೇಗಕ್ಕೆ ತಕ್ಕಂತೆ ಆವರ್ತನ ಬದಲಾಗುತ್ತಲೇ ಇರುತ್ತದೆ. ಲ್ಯಾಪ್‌ಟಾಪ್ ಅಡಾಪ್ಟರನ್ನು ಅದಕ್ಕೆ ನೇರವಾಗಿ ಜೋಡಿಸುವ ಹಾಗಿಲ್ಲ. ಹಾಗಾಗಿ ಸೀಟಿನ ಅಡಿಯಲ್ಲಿ ಕೂತ ಪರಿವರ್ತಕ ಪೆಟ್ಟಿಗೆ ಅದನ್ನು ಸುಮಾರು 110 ವೋಲ್ಟ್, 60 ಹರ್ಟ್ಸ್‌ಗೆ ತಂದು ಸಾಕೆಟ್ಟಿಗೆ ಕೊಡುತ್ತದೆ. ಒಂದು ಪೆಟ್ಟಿಗೆಯಿಂದ ಹಲವು ಸಾಕೆಟ್‌ಗಳಿಗೆ ತಂತಿ ಹೋಗಿರುತ್ತದೆ. ಪೆಟ್ಟಿಗೆ ಹಗುರವಾಗಿರಬೇಕು, ಕಾಲಿನ ಬಳಿ ಇರುವುದರಿಂದ ಬಿಸಿಯಾಗಬಾರದು. ಅಡುಗೆ ಕಟ್ಟೆಯ ಓವನ್, ದೀಪ, ಪರದೆಗಳಿಗೆಲ್ಲ ಹಂಚಿ ಉಳಿದ ವಿದ್ಯುತ್ತಿನಲ್ಲೇ ಅದರ ಕೆಲಸ ನಡೆಯಬೇಕು. ಆದ್ದರಿಂದಲೇ ಪ್ರತಿ ಸಾಕೆಟ್ಟಿಗೂ ಮಿತಿ. 1990ರ ದಶಕದಲ್ಲಿ ಬಂದ ‘ಎಂಪವರ್’ ಎಂಬ ವ್ಯವಸ್ಥೆ 15 ವೋಲ್ಟ್ ಡಿಸಿ (ಬ್ಯಾಟರಿಯಂಥ ಏಕಮುಖ ವಿದ್ಯುತ್) ಕೊಡುತ್ತಿತ್ತು, ಮಿತಿ 75 ವ್ಯಾಟ್, ಅದಕ್ಕೆ ಬೇರೆಯದೇ ಪ್ಲಗ್ ಬೇಕಿತ್ತು. ಈಗ ಮಾಮೂಲಿ ಪ್ಲಗ್ ಹಿಡಿಸುವ ಎಸಿ (ಮನೆಯಲ್ಲಿ ಬರುವಂಥ ವಿದ್ಯುತ್ತಿನ) ಸಾಕೆಟ್‌ಗಳು ಬಂದಿವೆ. ಆದರೂ ಹಳೆಯ ವಿಮಾನಗಳ ಎಕಾನಮಿ ದರ್ಜೆಯಲ್ಲಿ 75ರಿಂದ 100 ವ್ಯಾಟ್ ಎಂದೇ ಲೆಕ್ಕ ಹಿಡಿಯುವುದು ಕ್ಷೇಮ.

ಈಗ ನಿಮ್ಮ ಅಡಾಪ್ಟರನ್ನು ತಿರುಗಿಸಿ ಬೆನ್ನಿನ ಮೇಲಿನ ಸಣ್ಣ ಅಕ್ಷರ ಓದಿ. ‘ಇನ್‌ಪುಟ್’ ಸಾಲಿನಲ್ಲಿ 100–240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ವೋಲ್ಟೇಜಿನ ಚಿಂತೆ ಬೇಡ. ಇಂದಿನ ಲ್ಯಾಪ್‌ಟಾಪ್ ಅಡಾಪ್ಟರುಗಳೆಲ್ಲ ಹೆಚ್ಚುಕಡಿಮೆ ಹಾಗೆಯೇ ಇರುತ್ತವೆ. ನೋಡಬೇಕಾದದ್ದು ‘ಔಟ್‌ಪುಟ್’ ಸಾಲು. ಅಲ್ಲಿನ ವೋಲ್ಟನ್ನು ಆಂಪಿಯರಿನಿಂದ ಗುಣಿಸಿ. 19.5 ವೋಲ್ಟ್, 3.34 ಆಂಪಿಯರ್ ಅಂದರೆ 65 ವ್ಯಾಟ್, 4.62 ಅಂದರೆ 90 ವ್ಯಾಟ್, 6.67 ಅಂದರೆ 130 ವ್ಯಾಟ್. ಅಡಾಪ್ಟರಿನೊಳಗೆ ಒಂದಿಷ್ಟು ಬಿಸಿಯಾಗಿ ಹೋಗುವುದರಿಂದ ಗೋಡೆಯಿಂದ ಎಳೆಯುವುದು ಇದಕ್ಕಿಂತ ಸುಮಾರು ಹತ್ತರಿಂದ ಹದಿನೈದು ಶೇಕಡಾ ಹೆಚ್ಚು. 65 ವ್ಯಾಟಿನದು ಪೂರ್ತಿ ದುಡಿಯುವಾಗ 72–75 ವ್ಯಾಟ್ ಎಳೆಯುತ್ತದೆ, ಅಂದರೆ ಹಳೆಯ ಸಾಕೆಟ್ಟಿನ ಅಂಚಿಗೇ ಬಂದು ನಿಂತಿತು. 90 ವ್ಯಾಟಿನದು ನೂರನ್ನು ಮುಟ್ಟುತ್ತದೆ. ಗೇಮಿಂಗ್ ಲ್ಯಾಪ್‌ಟಾಪ್‌ಗಳ 180, 230 ವ್ಯಾಟಿನ ದಪ್ಪ ಅಡಾಪ್ಟರುಗಳನ್ನು ಎಕಾನಮಿ ಸೀಟಿನಲ್ಲಿ ಹೊರತೆಗೆಯುವುದೇ ಬೇಡ.

ಲ್ಯಾಪ್‌ಟಾಪ್ ಯಾವಾಗಲೂ ಇಷ್ಟು ಎಳೆಯುವುದಿಲ್ಲ ಎಂಬುದೇ ಇಲ್ಲಿ ಉಪಯೋಗಕ್ಕೆ ಬರುವ ಸಂಗತಿ. ಬ್ಯಾಟರಿ ತುಂಬಿರುವಾಗ ಪತ್ರ ಬರೆಯುವುದು, ಲೆಕ್ಕದ ಹಾಳೆ ನೋಡುವುದು ಇಂಥ ಕೆಲಸಕ್ಕೆ ಹದಿನೈದು–ಇಪ್ಪತ್ತು ವ್ಯಾಟ್ ಸಾಕು. ಬ್ಯಾಟರಿ ಖಾಲಿಯಾಗಿದ್ದರೆ ಕೆಲಸಕ್ಕೆ ಇಪ್ಪತ್ತು, ಬ್ಯಾಟರಿ ತುಂಬಲು ನಲವತ್ತು–ಐವತ್ತು, ಎರಡೂ ಒಟ್ಟಿಗೇ ಬೀಳುತ್ತವೆ. ಸಾಕೆಟ್ ಕಡಿಯುವುದು ಆಗಲೇ. ಆದ್ದರಿಂದ ನಿಲ್ದಾಣದಲ್ಲೇ ಪೂರ್ತಿ ಚಾರ್ಜ್ ಮಾಡಿಕೊಂಡು ಹತ್ತಬೇಕು, ಹತ್ತಿದ ಮೇಲೆ ಬ್ಯಾಟರಿ ಇಳಿಯುವವರೆಗೆ ಕಾಯದೆ ಸಾಕೆಟ್ಟಿಗೆ ಹಾಕಿಕೊಂಡೇ ಕೆಲಸ ಮಾಡಬೇಕು. ಹತ್ತು ಪರ್ಸೆಂಟ್ ಉಳಿದಾಗ ಪ್ಲಗ್ ಹುಡುಕುವವರಿಗೇ ತೊಂದರೆ ಹೆಚ್ಚು. ಅಂಥ ಸ್ಥಿತಿ ಬಂದೇಬಿಟ್ಟರೆ ಲ್ಯಾಪ್‌ಟಾಪನ್ನು ಪೂರ್ತಿ ಆಫ್ ಮಾಡಿ ಚಾರ್ಜಿಗೆ ಹಾಕಿ. ಕೆಲಸದ ಲೋಡ್ ಹೋದರೆ ಚಾರ್ಜಿಂಗ್ ಲೋಡನ್ನಷ್ಟೇ ಸಾಕೆಟ್ ತಡೆದುಕೊಳ್ಳಬಹುದು. ಅರ್ಧ ತುಂಬಿದ ಮೇಲೆ ಆನ್ ಮಾಡಿ, ಪರದೆಯ ಬೆಳಕು ತಗ್ಗಿಸಿ, ಬ್ಯಾಟರಿ ಸೇವರ್ ಹಾಕಿಕೊಳ್ಳಿ. ಬ್ಯಾಟರಿಯನ್ನು 80 ಪರ್ಸೆಂಟಿಗೆ ನಿಲ್ಲಿಸುವ ಸೆಟ್ಟಿಂಗ್ ಈಗ ಹಲವು ಕಂಪನಿಗಳ ಲ್ಯಾಪ್‌ಟಾಪ್‌ಗಳಲ್ಲಿದೆ. ಬ್ಯಾಟರಿ ಆ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲಿದ್ದರೆ ಸಾಕೆಟ್ ಮೇಲೆ ಬೀಳುವುದು ಕೆಲಸದ ಲೋಡ್ ಮಾತ್ರ.

ಯುಎಸ್‌ಬಿ-ಸಿ ತೂತಿನಿಂದಲೇ ಚಾರ್ಜ್ ಆಗುವ ಲ್ಯಾಪ್‌ಟಾಪ್ ಇದ್ದವರಿಗೆ ಇದಕ್ಕಿಂತ ಖಚಿತವಾದ ದಾರಿಯಿದೆ: ವಿಮಾನಕ್ಕೆಂದೇ 45 ವ್ಯಾಟಿನ ಒಂದು ಚಿಕ್ಕ ಪಿಡಿ ಚಾರ್ಜರ್ ಇಟ್ಟುಕೊಳ್ಳುವುದು. ಪಿಡಿ, ಅಂದರೆ ಪವರ್ ಡೆಲಿವರಿ ಪದ್ಧತಿಯಲ್ಲಿ ಚಾರ್ಜರ್ ಮೊದಲು ‘ನನ್ನ ಕೈಲಾಗುವುದು ಇಷ್ಟು’ ಎಂದು ಲ್ಯಾಪ್‌ಟಾಪಿಗೆ ತಿಳಿಸುತ್ತದೆ. ಲ್ಯಾಪ್‌ಟಾಪ್ ಅದರೊಳಗೇ ಎಳೆಯುತ್ತದೆ. 45 ವ್ಯಾಟಿನ ಚಾರ್ಜರ್ ಸಾಕೆಟ್ಟಿನಿಂದ ಸುಮಾರು ಐವತ್ತಕ್ಕಿಂತ ಹೆಚ್ಚು ಕೇಳುವುದೇ ಇಲ್ಲ, ಬ್ಯಾಟರಿ ಎಷ್ಟೇ ಖಾಲಿಯಿದ್ದರೂ ಸರಿ. ಕೆಲವು ಲ್ಯಾಪ್‌ಟಾಪ್‌ಗಳು ‘ನಿಧಾನ ಚಾರ್ಜರ್’ ಎಂದು ಎಚ್ಚರಿಕೆ ತೋರಿಸುತ್ತವೆ. ಅದನ್ನು ಮುಚ್ಚಿ ಕೆಲಸ ಮುಂದುವರಿಸಿ, ಏನೂ ಕೆಡುವುದಿಲ್ಲ. ನೌಕರರಿಗೆ 130 ವ್ಯಾಟಿನ ಅಡಾಪ್ಟರ್ ಕೊಟ್ಟು ವಿದೇಶಕ್ಕೆ ಕಳಿಸುವ ನಮ್ಮ ಐಟಿ ಕಂಪನಿಗಳು ಜೊತೆಗೆ ಇಂಥದೊಂದು ಚಾರ್ಜರನ್ನೂ ಕೊಟ್ಟರೆ ಖರ್ಚು ಅಲ್ಪ, ಅನುಕೂಲ ದೊಡ್ಡದು.

ಹೊಸ ವಿಮಾನಗಳ ಕೆಲವು ಸೀಟುಗಳಲ್ಲಿ ಯುಎಸ್‌ಬಿ-ಸಿ ಸಾಕೆಟ್ಟೇ ಇದೆ. 60 ವ್ಯಾಟ್ ಕೊಡುವಂಥದಾದರೆ, ಅಂದರೆ 20 ವೋಲ್ಟ್ 3 ಆಂಪಿಯರ್, ಬರೀ ಕೇಬಲ್ ಇದ್ದರೆ ಮುಗಿಯಿತು. ಎರಡೂ ತುದಿ ಸಿ ಇರುವ, ಒಳ್ಳೆಯ ಕೇಬಲ್ ಇರಲಿ. ಎಲ್ಲ ಸಿ ಸಾಕೆಟ್ಟುಗಳೂ ಇಷ್ಟು ಕೊಡುವುದಿಲ್ಲ, ಫೋನಿಗೆ ಸಾಕಾಗುವ ಹದಿನೈದು ವ್ಯಾಟಿನವೂ ಇವೆ. ನೋಡಲು ಎರಡೂ ಒಂದೇ, ಮೇಲೆ ಬರಹವಿಲ್ಲ. ಹಳೆಯ ಚಪ್ಪಟೆ ಯುಎಸ್‌ಬಿ-ಎ ತೂತಿನಿಂದ ಲ್ಯಾಪ್‌ಟಾಪ್ ನಡೆಸುವ ಆಸೆ ಬೇಡ. ಅದು 5 ವೋಲ್ಟಿನದು, ಎರಡೂವರೆಯಿಂದ ಹತ್ತು ವ್ಯಾಟ್ ಕೊಟ್ಟರೆ ಹೆಚ್ಚು.

ಇನ್ನು ಪಿನ್ನಿನ ವಿಚಾರ. ನಮ್ಮವರಿಗೆ ಎಲ್ಲಕ್ಕಿಂತ ಹೆಚ್ಚು ಗೋಳು ಕೊಡುವುದು ಇದೇ. ವಿಮಾನದ ‘ಯೂನಿವರ್ಸಲ್’ ಸಾಕೆಟ್ಟನ್ನು ಅಮೆರಿಕದ ಚಪ್ಪಟೆ ಪಿನ್ನು, ಯುರೋಪಿನ ಸಣ್ಣ ಗುಂಡು ಪಿನ್ನುಗಳಿಗೆ ಹೊಂದುವಂತೆ ಮಾಡಿರುತ್ತಾರೆ, ಹಲವೆಡೆ ಬ್ರಿಟನ್ನಿನ ಮೂರು ಪಿನ್ನೂ ಹಿಡಿಸುತ್ತದೆ. ಯುರೋಪಿನ ಎರಡು ಪಿನ್ ಪ್ಲಗ್ಗಿನ ಪಿನ್ 4 ಮಿ.ಮೀ. ದಪ್ಪ. ನಮ್ಮ 6 ಆಂಪಿಯರ್ ಮೂರು ಪಿನ್ ಪ್ಲಗ್ಗಿನದು 5 ಮಿ.ಮೀ.ಗಿಂತ ತುಸು ಹೆಚ್ಚು, ಮೇಲಿನ ಅರ್ತಿಂಗ್ ಪಿನ್ 7 ಮಿ.ಮೀ. ಚಿಲ್ಲರೆ. ಆ ಅರ್ತಿಂಗ್ ಪಿನ್ನಿಗೆ ಅಲ್ಲಿ ಸಾಮಾನ್ಯವಾಗಿ ತೂತೇ ಇರುವುದಿಲ್ಲ. ಒತ್ತಿ ತುರುಕಿದರೆ ಸಾಕೆಟ್ಟಿನ ಒಳಗಿನ ಹಿಡಿತ ಸಡಿಲವಾಗಿ ಮುಂದಿನ ಪ್ರಯಾಣಿಕರಿಗೂ ಅದು ಉಪಯೋಗಕ್ಕೆ ಬರುವುದಿಲ್ಲ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ನಿಲ್ದಾಣದ ಅಂಗಡಿಯಲ್ಲಿ ಮಾರುವ ದಪ್ಪ ಟ್ರಾವೆಲ್ ಅಡಾಪ್ಟರ್ ಇದಕ್ಕೆ ಒಳ್ಳೆಯ ಪರಿಹಾರವಲ್ಲ. ಸಾಕೆಟ್ ಇರುವುದು ಎದುರಿನ ಸೀಟಿನ ಬೆನ್ನಿನಲ್ಲಿ ಅಥವಾ ಎರಡು ಸೀಟುಗಳ ನಡುವೆ, ಮೊಣಕಾಲಿನ ಕೆಳಗೆ. ಆ ಅಡಾಪ್ಟರಿನ ಭಾರ, ಅದರ ಮೇಲೆ ಪ್ಲಗ್ಗಿನ ಭಾರ, ಜೊತೆಗೆ ವಿಮಾನದ ಅಲುಗಾಟ ಸೇರಿ ಸ್ವಲ್ಪಸ್ವಲ್ಪವೇ ಜಗ್ಗಿ ಈಚೆಗೆ ಬರುತ್ತದೆ. ಪೂರ್ತಿ ಬೀಳುವುದೂ ಬೇಡ: ಹಲವು ಸಾಕೆಟ್ಟುಗಳ ಒಳಗೆ ಸಣ್ಣ ಸ್ವಿಚ್ಚುಗಳಿದ್ದು, ಎರಡೂ ಪಿನ್ನು ಒಟ್ಟಿಗೆ ತಳ ಮುಟ್ಟಿದರಷ್ಟೇ ವಿದ್ಯುತ್ ಬಿಡುತ್ತವೆ. ಮಕ್ಕಳು ಪಿನ್ನು, ಚಮಚ ತೂರಿಸಿದರೂ ಶಾಕ್ ಹೊಡೆಯದಿರಲಿ ಎಂದು ಮಾಡಿದ ವ್ಯವಸ್ಥೆ. ಪ್ಲಗ್ ಎರಡು ಮಿ.ಮೀ. ಹಿಂದೆ ಸರಿದರೂ ದೀಪ ಆರುತ್ತದೆ.

ಸರಿಯಾದ ಉಪಾಯ ಬೇರೆ ಪವರ್ ಕಾರ್ಡ್, ಅಂದರೆ ಪ್ಲಗ್ ಇರುವ ತಂತಿ. ಲ್ಯಾಪ್‌ಟಾಪ್ ಅಡಾಪ್ಟರ್ ಸಾಮಾನ್ಯವಾಗಿ ಎರಡು ತುಂಡಿನದು. ಗೋಡೆಗೆ ಹೋಗುವ ತಂತಿ ಬಿಚ್ಚಿಬರುತ್ತದೆ. ಅದರ ಅಡಾಪ್ಟರ್ ಕಡೆಯ ತುದಿ ಮೂರು ಗುಂಡು ಅಂಟಿಕೊಂಡಂತೆ ಇದ್ದರೆ ಸಿ5, ಎಂಟರ ಆಕಾರದಲ್ಲಿ ಎರಡೇ ತೂತು ಇದ್ದರೆ ಸಿ7. ಇನ್ನೊಂದು ತುದಿಯಲ್ಲಿ ಯುರೋಪ್ ಪ್ಲಗ್ ಇರುವ ಅದೇ ಬಗೆಯ ಕಾರ್ಡ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿ ನೋಡಿ, ಇಲ್ಲವಾದರೆ ಆನ್‌ಲೈನಿನಲ್ಲಿ ತರಿಸಿ. ಉಜ್ಜಿಹೋದ ಸಾಕೆಟ್ಟಿನಲ್ಲಿ ಅಮೆರಿಕದ ಚಪ್ಪಟೆ ಪಿನ್ನಿಗಿಂತ ಯುರೋಪಿನ ಗುಂಡು ಪಿನ್ನು ಗಟ್ಟಿಯಾಗಿ ಕೂರುತ್ತದೆ. ಜಾಗ ಇದ್ದರೆ ಎರಡನ್ನೂ ಬ್ಯಾಗಿಗೆ ಹಾಕಿ. ಅಡಾಪ್ಟರ್ ಗಾಳಿಯಲ್ಲಿ ಜೋತಾಡದಂತೆ ನೆಲದ ಮೇಲೆ ಅಥವಾ ಸೀಟಿನ ಜೇಬಿನಲ್ಲಿ ಇಡಿ, ಕಂಬಳಿಯ ಅಡಿಯಲ್ಲಿ ಮಾತ್ರ ಬೇಡ. ಎರಡು ಪಿನ್ನಿನ ಕಾರ್ಡಿನಲ್ಲಿ ಅರ್ತಿಂಗ್ ಇಲ್ಲದ ಕಾರಣ ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದರೆ ಬೆರಳಿಗೆ ಜುಮ್ಮೆನ್ನಬಹುದು. ಅಡಾಪ್ಟರಿನ ಒಳಗಿನ ಫಿಲ್ಟರ್ ಕೆಪಾಸಿಟರಿನಿಂದ (ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಡುವ ಬಿಡಿಭಾಗ) ಬರುವ ತೀರ ಸಣ್ಣ ವಿದ್ಯುತ್ ಸೋರಿಕೆ ಅದು.

ಜೋಡಿಸುವ ಕ್ರಮಕ್ಕೂ ಬೆಲೆಯಿದೆ. ಅಡಾಪ್ಟರನ್ನು ಸಾಕೆಟ್ಟಿಗೆ ಹಾಕಿದ ಕ್ಷಣ ಒಳಗಿನ ಕೆಪಾಸಿಟರ್ ತುಂಬಿಕೊಳ್ಳಲು ಒಮ್ಮೆಲೇ ಜೋರಾಗಿ ಕರೆಂಟ್ ಎಳೆಯುತ್ತದೆ. ಲ್ಯಾಪ್‌ಟಾಪ್ ಮೊದಲೇ ಸಿಕ್ಕಿಸಿದ್ದರೆ ಅದರ ಲೋಡೂ ಹಿಂದೆಯೇ ಬಂದು ಪೆಟ್ಟಿಗೆ ಕಡಿಯಬಹುದು. ಮೊದಲು ಅಡಾಪ್ಟರ್ ಮಾತ್ರ ಹಾಕಿ, ಹಸಿರು ದೀಪ ಆರದೆ ಸ್ಥಿರವಾಗಿ ಉರಿಯತೊಡಗಿದ ಮೇಲೆ ಲ್ಯಾಪ್‌ಟಾಪಿಗೆ ಜೋಡಿಸಿ. ಕಡಿದರೆ ಪ್ಲಗ್ ಪೂರ್ತಿ ಕಿತ್ತು, ಅರ್ಧ ನಿಮಿಷ ಬಿಟ್ಟು, ಇದೇ ಕ್ರಮದಲ್ಲಿ ಮತ್ತೆ ಹಾಕಿ. ಆಗಲೂ ಬಾರದಿದ್ದರೆ ನಿಮ್ಮ ಸಾಲಿನ ಸೀಟ್ ಪವರ್ ರೀಸೆಟ್ ಮಾಡಲು ಸಿಬ್ಬಂದಿಯನ್ನು ಕೇಳಿ. ಅನೇಕ ವಿಮಾನಗಳಲ್ಲಿ ಅವರ ಬಳಿ ಅದಕ್ಕೆ ಸ್ವಿಚ್ ಇರುತ್ತದೆ. ಇನ್ನೊಂದು ಸಾಧ್ಯತೆ: ಒಟ್ಟು ಲೋಡ್ ಮಿತಿಗೆ ಬಂದಾಗ ಈಗಾಗಲೇ ನಡೆಯುತ್ತಿರುವ ಸಾಕೆಟ್ಟುಗಳನ್ನು ಹಾಗೇ ಬಿಟ್ಟು ಹೊಸದಾಗಿ ಚುಚ್ಚಿದವರಿಗೆ ವಿದ್ಯುತ್ ಕೊಡದ ವ್ಯವಸ್ಥೆಯೂ ಉಂಟು. ಆಗ ಸ್ವಲ್ಪ ಹೊತ್ತು ಬಿಟ್ಟು ನೋಡುವುದೊಂದೇ ದಾರಿ. ವಿಮಾನ ಏರುವಾಗ, ಇಳಿಯುವಾಗ ಅನೇಕ ಸಂಸ್ಥೆಗಳು ಸೀಟ್ ಪವರನ್ನೇ ನಿಲ್ಲಿಸುತ್ತವೆ. ಅದು ದೋಷವಲ್ಲ.

ಪವರ್ ಬ್ಯಾಂಕ್ ಇದೆಯಲ್ಲ ಎನ್ನುವವರು ಗಮನಿಸಬೇಕು. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೇ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನಕ್ಕೆ ಬೆಂಕಿ ಬಿದ್ದು, ಪವರ್ ಬ್ಯಾಂಕಿನ ಮೇಲೆ ಶಂಕೆ ಬಂದ ಮೇಲೆ ನಿಯಮಗಳು ಬಿಗಿಯಾಗಿವೆ. ಸಿಂಗಪುರ ಏರ್‌ಲೈನ್ಸ್ 2025ರ ಏಪ್ರಿಲ್ 1ರಿಂದ, ಎಮಿರೇಟ್ಸ್ ಅಕ್ಟೋಬರ್ 1ರಿಂದ ಹಾರಾಟದಲ್ಲಿ ಪವರ್ ಬ್ಯಾಂಕ್ ಬಳಕೆ ನಿಲ್ಲಿಸಿವೆ. ಎರಡೂ ಬೆಂಗಳೂರಿನಿಂದ ಹಾರುವ ಸಂಸ್ಥೆಗಳೇ. ಬ್ಯಾಗಿನಲ್ಲಿ ಒಯ್ಯಬಹುದು, ಬಳಸುವಂತಿಲ್ಲ. ಸಾಮಾನ್ಯ ಮಿತಿ 100 ವ್ಯಾಟ್-ಅವರ್, ಅದೂ ಕೈಚೀಲದಲ್ಲಿ ಮಾತ್ರ. ಪವರ್ ಬ್ಯಾಂಕ್ ಮೇಲೆ ಬರೆದ ಸಾಮರ್ಥ್ಯ 20,000 ಎಂಎಎಚ್ ಆದರೆ, ಅದನ್ನು ಒಳಗಿನ ಸೆಲ್ಲಿನ 3.7 ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74 ವ್ಯಾಟ್-ಅವರ್, ಮಿತಿಯೊಳಗೇ. ಹೀಗೆ ಪವರ್ ಬ್ಯಾಂಕ್ ದಾರಿ ಮುಚ್ಚುತ್ತ ಬಂದಂತೆ ಸೀಟಿನ ಸಾಕೆಟ್ಟೇ ಗತಿ. ಅದರ ಮಿತಿ ಹೇಳದೆ ಬಿಡುವುದು ಈಗಂತೂ ಸರಿಯಲ್ಲ.

ನಿದ್ದೆಯಲ್ಲಿ ಉಸಿರು ಕಟ್ಟದಂತೆ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಹಿಡಿದು ಮಕ್ಕಳ ಮನೆಗೆ ಹೋಗುವ ಹಿರಿಯರಿಗೆ ಇದು ಇನ್ನೂ ಮುಖ್ಯ. ನೀರು ಬಿಸಿಮಾಡುವ ಹ್ಯೂಮಿಡಿಫೈಯರ್ ಆನ್ ಇದ್ದರೆ ಲೋಡ್ ಬಹಳ ಏರುತ್ತದೆ, ಅದನ್ನು ಆಫ್ ಮಾಡಿಯೇ ಬಳಸಬೇಕು. ಸೀಟಿನ ಸಾಕೆಟ್ ನಂಬಿ ಹೊರಡದೆ, ಸಂಸ್ಥೆಗೆ ಮುಂಚೆಯೇ ತಿಳಿಸಿ, ಒಪ್ಪಿಗೆ ಪಡೆದ ಬ್ಯಾಟರಿ ಜೊತೆಗಿಟ್ಟುಕೊಳ್ಳಬೇಕು.

ವಿಮಾನ ಸಂಸ್ಥೆಗಳಿಂದ ಕೇಳುತ್ತಿರುವುದು ದೊಡ್ಡದೇನಲ್ಲ. ಪ್ರತಿ ಸಾಕೆಟ್ ಪಕ್ಕದಲ್ಲಿ ‘ಗರಿಷ್ಠ ಇಷ್ಟು ವ್ಯಾಟ್’ ಎಂಬ ಬೆರಳಗಲದ ಚೀಟಿ, ಯುಎಸ್‌ಬಿ ತೂತಿಗೂ ಹಾಗೆಯೇ. ಬುಕಿಂಗ್ ಪುಟದಲ್ಲಿ ಆ ಮಾದರಿಯ ವಿಮಾನದಲ್ಲಿ ಮೂರು ಸೀಟಿಗೆ ಎಷ್ಟು ಸಾಕೆಟ್, ಯಾವ ಪಿನ್ನು ಎಂಬ ಒಂದು ಸಾಲು. ಭಾರತದಿಂದ ಹಾರುವ ವಿಮಾನಗಳಿಗೆ ಹೊಸ ಸೀಟು ಹಾಕಿಸುವಾಗ ನಮ್ಮ ಮೂರು ಗುಂಡು ಪಿನ್ನಿಗೂ ಹೊಂದುವ ಸಾಕೆಟ್, ಅದಾಗದಿದ್ದರೆ 60 ವ್ಯಾಟಿನ ಯುಎಸ್‌ಬಿ-ಸಿ. ಸಡಿಲವಾದ ಸಾಕೆಟ್ ಬಗ್ಗೆ ಪ್ರಯಾಣಿಕರು ಹೇಳಿದಾಗ ಸಿಬ್ಬಂದಿ ಸೀಟ್ ನಂಬರ್ ಸಮೇತ ಕ್ಯಾಬಿನ್ ಲಾಗ್‌ನಲ್ಲಿ ಬರೆಯಲಿ, ಬರೆಯದ ದೋಷ ನಿರ್ವಹಣಾ ವಿಭಾಗದ ಕಣ್ಣಿಗೆ ಬೀಳುವುದಿಲ್ಲ. ಪ್ರಯಾಣಿಕರೂ ಇಳಿದ ಮೇಲೆ ಬೈಯುವ ಬದಲು ಸೀಟಿನಲ್ಲಿರುವಾಗಲೇ ನಂಬರ್ ಹೇಳಿ ಬರೆಸಬೇಕು.

ಇತಿ,
ಒಬ್ಬ ಎಲೆಕ್ಟ್ರಾನಿಕ್ಸ್ ತಂತ್ರಜ್ಞ, ಬೆಂಗಳೂರು