ಪಕ್ಕದಲ್ಲಿ ಕೂತು ತೋರಿಸುವವರು: ಗೆಳೆಯನಿಗೊಂದು ಪತ್ರ

ತೀರ್ಥಹಳ್ಳಿ
ಮಳೆ ಬಿಡದ ಒಂದು ಸಂಜೆ

ಪ್ರೀತಿಯ ಗೆಳೆಯಾ,

ಮೊನ್ನೆ ನೀನು ಫೋನಿನಲ್ಲಿ ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಹೇಳಲಿಲ್ಲ. ಅರ್ಧದಲ್ಲೇ ಟವರ್ ಹೋಯಿತು. ಆಮೇಲೆ ಮೂರು ದಿನ ಕರೆಂಟೂ ಇರಲಿಲ್ಲ. ಅಡಿಕೆ ತೋಟಕ್ಕೆ ಎರಡನೇ ಸಲ ಮದ್ದು ಹೊಡೆಸಬೇಕು, ಮಳೆ ಒಂದು ದಿನವೂ ಬಿಡುವು ಕೊಡುತ್ತಿಲ್ಲ. ಕೊಳೆರೋಗ ಶುರುವಾಗುವ ಮುಂಚೆ ಹೊಳವಾಗಲಿ ಎಂದು ಎಲ್ಲರೂ ಆಕಾಶ ನೋಡುತ್ತಾ ಕೂತಿದ್ದೇವೆ. ಹಾಗಾಗಿ ಕೈಯಲ್ಲಿ ಸಮಯವಿದೆ. ಬರೆದೇ ಬಿಡೋಣ ಅಂತ ಕೂತೆ.

"ಜಪಾನಿನ ಕಾರ್ಟೂನು, ಅದೇ ಅನಿಮೆ, ನೋಡಲು ಶುರು ಮಾಡಿದ್ದೇನೆ ಮಾರಾಯ, ಅದರ ಬಗ್ಗೆ ಚೆನ್ನಾಗಿ ಮಾತಾಡುವವರು ಯೂಟ್ಯೂಬ್‌ನಲ್ಲಿ ಯಾರಿದ್ದಾರೆ ಹೇಳು" ಅಂದೆ. ಹೆಸರು ಹೇಳುವುದು ಸುಲಭ. ಆದರೆ ನಾನು ಯಾಕೆ ಇವರನ್ನೇ ನೋಡುತ್ತೇನೆ ಅನ್ನುವುದನ್ನೂ ಹೇಳಬೇಕು.

ನಾವು ಏಳನೇ ಕ್ಲಾಸಿನಲ್ಲಿದ್ದಾಗ ಊರ ಗದ್ದೆಯಲ್ಲಿ ಯಕ್ಷಗಾನದ ಆಟ ಆಗಿತ್ತಲ್ಲ, ನೆನಪಿದೆಯಾ? ಒಂದೇ ಕಂಬಳಿ ಹೊದ್ದು ಕೂತಿದ್ದೆವು. ಪಕ್ಕದಲ್ಲಿ ನಮ್ಮ ದೊಡ್ಡಪ್ಪ ಇದ್ದರು. ಅವರು ನಮಗೆ ಕಥೆ ಹೇಳಲಿಲ್ಲ, ಕಥೆ ಗೊತ್ತೇ ಇತ್ತು. ಯಾವ ವೇಷ ಚೆನ್ನ, ಯಾವುದು ಚೆನ್ನಾಗಿಲ್ಲ ಅಂತಲೂ ಹೇಳಲಿಲ್ಲ. ನಡುನಡುವೆ ಬಗ್ಗಿ, "ಈಗ ಮುಖ ನೋಡಬೇಡ, ಕಾಲು ನೋಡು" ಅನ್ನುತ್ತಿದ್ದರು. ಇಲ್ಲವೇ, "ಈಗ ಚಂಡೆ ನಿಲ್ಲುತ್ತದೆ, ಕೇಳು." ಅಷ್ಟೇ. ಆ ರಾತ್ರಿಯ ನಂತರ ನಾನು ಆಟ ನೋಡುವ ರೀತಿಯೇ ಬದಲಾಯಿತು. ಅನಿಮೆ ಬಗ್ಗೆ ವಿಡಿಯೊ ಮಾಡುವವರಲ್ಲಿ ನಾನು ಹುಡುಕುವುದು ನಮ್ಮ ದೊಡ್ಡಪ್ಪನಂಥವರನ್ನು. ಅಂಥವರು ಕಡಿಮೆ. ಆದರೆ ಇದ್ದಾರೆ.

ಮೊದಲು ನೋಡಬೇಕಾದದ್ದು 'ಎವ್ರಿ ಫ್ರೇಮ್ ಎ ಪೇಂಟಿಂಗ್'. ಟೋನಿ ಝೌ ಮತ್ತು ಟೇಲರ್ ರಾಮೋಸ್ ಎಂಬ ಇಬ್ಬರು ಸೇರಿ ಮಾಡುತ್ತಿದ್ದ ಚಾನೆಲ್. ಇದು ಅನಿಮೆಗಾಗಿಯೇ ಇರುವ ಚಾನೆಲ್ ಅಲ್ಲ, ಸಿನಿಮಾ ಬಗ್ಗೆ. ಆದರೂ 2014ರಲ್ಲಿ ಅವರು ಅನಿಮೆ ನಿರ್ದೇಶಕ ಸತೋಶಿ ಕೋನ್ ಬಗ್ಗೆ ಒಂದು ಸಣ್ಣ ವಿಡಿಯೊ ಮಾಡಿದರು. ಹತ್ತು ನಿಮಿಷವೂ ಇಲ್ಲ. ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕೋನ್ 2010ರಲ್ಲಿ 46ನೇ ವಯಸ್ಸಿನಲ್ಲೇ ತೀರಿಕೊಂಡರು. ಪೂರ್ತಿ ಮಾಡಿದ್ದು ನಾಲ್ಕೇ ಸಿನಿಮಾ: 'ಪರ್ಫೆಕ್ಟ್ ಬ್ಲೂ', 'ಮಿಲೇನಿಯಮ್ ಆಕ್ಟ್ರೆಸ್', 'ಟೋಕಿಯೊ ಗಾಡ್‌ಫಾದರ್ಸ್', 'ಪಪ್ರಿಕಾ'. ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗುವಾಗ ಅವರು ಯಾವುದೋ ಒಂದು ಆಕಾರವನ್ನೋ ಚಲನೆಯನ್ನೋ ಕಾಲುಸಂಕದಂತೆ ಹಾಕುತ್ತಾರೆ. ಪಾತ್ರ ಈ ಕಡೆಯಿಂದ ಓಡಲು ಶುರು ಮಾಡಿ ಬೇರೆ ಕಾಲದಲ್ಲಿ, ಬೇರೆ ಬಟ್ಟೆಯಲ್ಲಿ ಆ ಕಡೆ ಹೊರಬರುತ್ತದೆ. ಕನಸು ಎಲ್ಲಿ ಮುಗಿಯಿತು, ಎಚ್ಚರ ಎಲ್ಲಿ ಶುರುವಾಯಿತು ಅಂತ ನಮಗೆ ತಿಳಿಯುವುದೇ ಇಲ್ಲ.

ಆ ವಿಡಿಯೊದಲ್ಲಿ ನನಗೆ ಹಿಡಿಸಿದ್ದು ಒಂದು ಸಣ್ಣ ಮಾತು. ಕ್ಯಾಮೆರಾದಲ್ಲಿ ತೆಗೆದ ಚಿತ್ರದಲ್ಲಿ ಬೇಡದ ವಿವರವೂ ತುಂಬಿರುತ್ತದೆ, ಕಣ್ಣಿಗೆ ಅದನ್ನು ಓದಲು ಸಮಯ ಬೇಕು. ಕೈಯಲ್ಲಿ ಬರೆದ ಚಿತ್ರದಲ್ಲಿ ಬೇಕಾದಷ್ಟನ್ನೇ ಇಡಬಹುದು. ಹಾಗಾಗಿ ಕೋನ್ ತಮ್ಮ ಶಾಟ್‌ಗಳನ್ನು ಬಹಳ ಚಿಕ್ಕದಾಗಿ ಕತ್ತರಿಸಿದರೂ ನಮಗೆ ಅರ್ಥವಾಗುತ್ತದೆ. 'ಇದನ್ನು ಅನಿಮೇಷನ್‌ನಲ್ಲೇ ಯಾಕೆ ಮಾಡಬೇಕಿತ್ತು' ಅಂತ ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಕೇಳಿಲ್ಲ. ವಿಡಿಯೊ ನೋಡಿದ ಮೇಲೆ 'ಮಿಲೇನಿಯಮ್ ಆಕ್ಟ್ರೆಸ್' ನೋಡು. ವಯಸ್ಸಾದ ನಟಿಯೊಬ್ಬಳು ತನ್ನ ಬದುಕಿನ ಕಥೆ ಹೇಳುತ್ತಾ ಹೋಗುತ್ತಾಳೆ, ಕೇಳಲು ಬಂದವರೇ ಅವಳ ನೆನಪಿನೊಳಗೆ ನಡೆದುಕೊಂಡು ಹೋಗಿಬಿಡುತ್ತಾರೆ. 'ಪರ್ಫೆಕ್ಟ್ ಬ್ಲೂ' ಮಾತ್ರ ಮಕ್ಕಳ ಎದುರು ಹಾಕಬೇಡ. ತುಂಬಾ ಭಾರವಾದ ಸಿನಿಮಾ.

ಎರಡನೆಯವನು ಐರ್ಲೆಂಡಿನವನು. ಚಾನೆಲ್ ಹೆಸರು 'ಸೂಪರ್ ಐಪ್ಯಾಚ್ ವುಲ್ಫ್'. ಹೆಸರು ಕೇಳಿ ಹುಡುಗಾಟ ಅಂದುಕೊಳ್ಳಬೇಡ. ಇವನ ದನಿಯಲ್ಲಿ ಒಂದು ಪ್ರಾಮಾಣಿಕತೆ ಇದೆ. 'ಅಕಿರಾ' ಸಿನಿಮಾ ಬಗ್ಗೆ ಇವನು ಮಾಡಿದ್ದನ್ನು ನೋಡು. 1988ರ ಸಿನಿಮಾ ಅದು. ಆ ಕಾಲದಲ್ಲಿ ಜಪಾನಿನಲ್ಲಿ ಚಿತ್ರ ಬರೆದು ಮುಗಿಸಿ ಆಮೇಲೆ ದನಿ ಸೇರಿಸುವುದೇ ರೂಢಿ. 'ಅಕಿರಾ'ದವರು ಮೊದಲೇ ದನಿ ಮುದ್ರಿಸಿಕೊಂಡು, ತುಟಿಯನ್ನು ಮಾತಿಗೆ ಸರಿಯಾಗಿ ಬರೆದರು. ಒಂದೂವರೆ ಲಕ್ಷಕ್ಕೂ ಜಾಸ್ತಿ ಸೆಲ್‌ಗಳು, ಅಂದರೆ ಪಾರದರ್ಶಕ ಹಾಳೆಗಳ ಮೇಲೆ ಕೈಯಲ್ಲೇ ಬಣ್ಣ ತುಂಬಿದ ಚಿತ್ರಗಳು. ಇಂಥ ವಿವರಗಳು ಎಲ್ಲಿ ಬೇಕಾದರೂ ಸಿಗುತ್ತವೆ, ಸರಿ. ಇವನು ಅಲ್ಲಿಗೇ ನಿಲ್ಲುವುದಿಲ್ಲ. ಒಂದು ಕೃತಿ ತನ್ನ ಒಳಗೆ ಏನು ಮಾಡಿತು, ಆಮೇಲೆ ಬಂದವರ ಒಳಗೆ ಏನು ಮಾಡಿತು ಅಂತ ನಿಧಾನವಾಗಿ ಬಿಡಿಸುತ್ತಾನೆ. 'ಬರ್ಸರ್ಕ್' ಎಂಬ ಮಾಂಗಾ, ಅಂದರೆ ಜಪಾನಿ ಚಿತ್ರಕಥೆಯ ಬಗ್ಗೆ ಅವನು ಮಾತಾಡಿದ್ದನ್ನು ಕೇಳಿ ಒಂದು ಇಡೀ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನು 'ಸಕುಗಾ' ಅನ್ನುವ ಮಾತು. ಇದನ್ನು ನೀನು ಬೇಗ ಕಲಿಯಬೇಕು, ಯಾಕೆಂದರೆ ಎಲ್ಲರೂ ಬಳಸುತ್ತಾರೆ. ಜಪಾನಿ ಭಾಷೆಯಲ್ಲಿ ಅದರ ಅರ್ಥ ಚಿತ್ರ ಬರೆಯುವುದು ಅಂತ ಅಷ್ಟೇ. ಅಭಿಮಾನಿಗಳ ಬಾಯಲ್ಲಿ ಮಾತ್ರ, ಅನಿಮೇಷನ್ ಇದ್ದಕ್ಕಿದ್ದಂತೆ ಮೈತುಂಬಿ ಎದ್ದು ನಿಲ್ಲುವ ಆ ಕ್ಷಣಕ್ಕೆ ಸಕುಗಾ ಅನ್ನುತ್ತಾರೆ. ಅಂಥ ತುಣುಕುಗಳನ್ನು ಜೋಡಿಸಿ, ಬರೆದ ಕಲಾವಿದರ ಹೆಸರಿನ ಸಮೇತ ವಿಡಿಯೊ ಹಾಕುವವರು ಬಹಳ ಜನ ಇದ್ದಾರೆ. ಅವುಗಳಲ್ಲಿ ಮಾತಿಲ್ಲ, ಬರೀ ಹಾಡು ಮತ್ತು ಚಿತ್ರ. ಆದರೂ ನೋಡು.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ ತೆರೆಯ ಮೇಲೆ ಒಂದರ ಹಿಂದೊಂದು ಬರುವ ಬಿಡಿ ಚಿತ್ರ. ಟಿವಿ ಅನಿಮೆಯಲ್ಲಿ ಒಂದೇ ಚಿತ್ರವನ್ನು ಎರಡು ಅಥವಾ ಮೂರು ಫ್ರೇಮ್ ನಿಲ್ಲಿಸುತ್ತಾರೆ. ಮೂರು ನಿಲ್ಲಿಸಿದರೆ ಸೆಕೆಂಡಿಗೆ 8 ಚಿತ್ರ ಬರೆದರೆ ಸಾಕು. 1963ರ ಜನವರಿ 1ರಂದು ಮಾಂಗಾ ಬರೆಯುತ್ತಿದ್ದ ಒಸಾಮು ತೆಜುಕಾ ಅವರ 'ಆಸ್ಟ್ರೊ ಬಾಯ್' ಟಿವಿಯಲ್ಲಿ ಶುರುವಾದಾಗ, ವಾರಕ್ಕೊಂದು ಅರ್ಧ ಗಂಟೆಯ ಕಂತು ಕೊಡಬೇಕಿತ್ತು. ದುಡ್ಡೂ ಕಡಿಮೆ, ಕೈಗಳೂ ಕಡಿಮೆ. ಹಾಗಾಗಿ ಮುಖ ನಿಲ್ಲಿಸಿ ಬಾಯಿ ಮಾತ್ರ ಆಡಿಸಿದರು. ಬರೆದ ಚಿತ್ರವನ್ನು ಎತ್ತಿಟ್ಟು ಮತ್ತೆ ಬಳಸಿದರು. ಬಡತನದಲ್ಲಿ ಹುಟ್ಟಿದ ಈ ಉಳಿತಾಯವೇ ಮುಂದೆ ಒಂದು ಶೈಲಿಯಾಯಿತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಬಿಡಬೇಕು ಅನ್ನುವುದೇ ಕಲೆಯಾಯಿತು. ನಮಗೆ ಇದು ಹೊಸದಲ್ಲ, ಅಲ್ವಾ? ಪದ ಮುಗಿದು ವೇಷ ಒಂದು ಗತ್ತಿನಲ್ಲಿ ಹಾಗೇ ನಿಂತುಬಿಡುತ್ತದೆ. ಉಸಿರು ಹಿಡಿದು ನೋಡುತ್ತೇವೆ. ಚಂಡೆಯ ಒಂದು ಪೆಟ್ಟಿಗೆ ರಂಗಸ್ಥಳವೇ ಹಾರಿಹೋಗುತ್ತದೆ.

ಯುಟಾಕಾ ನಕಮುರಾ ಅಂತ ಒಬ್ಬ ಅನಿಮೇಟರ್ ಇದ್ದಾರೆ. ಅವರು ಬರೆದ ಹೊಡೆದಾಟದಲ್ಲಿ ಗೋಡೆ ಒಡೆದರೆ ಚೂರುಗಳು ಚೌಕ ಚೌಕ ಪೆಟ್ಟಿಗೆಗಳ ಹಾಗೆ ಹಾರುತ್ತವೆ. ಒಂದು ಸಲ ಗೊತ್ತಾದರೆ ಸಾಕು, ಹೆಸರು ನೋಡದೆ "ಇದು ಅವರ ಕೈ" ಅಂತ ಹೇಳಬಹುದು. ಕತ್ತಲೆಯಲ್ಲಿ ದೂರದಿಂದ ಕೇಳಿದರೂ ಭಾಗವತರು ಯಾರು ಅಂತ ದೊಡ್ಡಪ್ಪ ಹೇಳುತ್ತಿದ್ದರಲ್ಲ, ಹಾಗೆ. ನಾನು ಮೊದಲ ಸಲ ಹೀಗೆ ಗುರುತಿಸಿದ ದಿನ ಎಷ್ಟು ಖುಷಿಪಟ್ಟೆ ಅಂದರೆ, ಆ ಹೊತ್ತಿನಲ್ಲೇ ನಿನಗೆ ಫೋನ್ ಮಾಡಬೇಕು ಅನ್ನಿಸಿತ್ತು.

ಈ ಕೈಗಳ ಹಿಂದಿನ ಕಷ್ಟ ತಿಳಿಯಬೇಕೆಂದರೆ 'ದ ಕನಿಪಾ ಎಫೆಕ್ಟ್' ಚಾನೆಲ್ ನೋಡು. ಯಾವ ಸ್ಟುಡಿಯೊ ಹೇಗೆ ಕೆಲಸ ಮಾಡುತ್ತದೆ, ಯಾರು ಎಲ್ಲಿಂದ ಬಂದರು ಅಂತ ಅದನ್ನು ನಡೆಸುವವನು ಹುಡುಕಿ ಹೇಳುತ್ತಾನೆ. ಅನಿಮೆಗೆ ದುಡ್ಡು ಹಾಕುವುದು ಹೆಚ್ಚಾಗಿ ಸ್ಟುಡಿಯೊ ಅಲ್ಲ. ಪುಸ್ತಕದವರು, ಟಿವಿಯವರು, ಆಟಿಕೆಯವರು, ಸಂಗೀತದವರು ಸೇರಿ ಒಂದು ಕಮಿಟಿ ಮಾಡಿಕೊಂಡಿರುತ್ತಾರೆ. ಲಾಭವೂ ಹೆಚ್ಚಾಗಿ ಅವರಿಗೇ. ಮುಖ್ಯ ಚಿತ್ರಗಳ ನಡುವಿನ ಚಿತ್ರಗಳನ್ನು ತುಂಬುವ ಹೊಸಬರಿಗೆ ಹೆಚ್ಚಾಗಿ ಒಂದು ಚಿತ್ರಕ್ಕೆ ಇಷ್ಟು ಅಂತ ಕೂಲಿ. ನಮ್ಮಲ್ಲಿ ಅಡಿಕೆ ಸುಲಿಯುವವರಿಗೆ ಡಬ್ಬಿ ಲೆಕ್ಕದಲ್ಲಿ ಕೊಡುತ್ತೇವಲ್ಲ, ಹಾಗೆಯೇ. ಇದು ಗೊತ್ತಾದ ಮೇಲೆ ಕಂತಿನ ಕೊನೆಯಲ್ಲಿ ಓಡುವ ಹೆಸರುಗಳನ್ನು ದಾಟಿಸುವುದನ್ನು ಬಿಟ್ಟಿದ್ದೇನೆ.

'ಮದರ್ಸ್ ಬೇಸ್‌ಮೆಂಟ್' ಅನ್ನುವ ಚಾನೆಲ್‌ನಲ್ಲಿ ಅನಿಮೆ ಕಂತುಗಳ ಶುರುವಿನ ಹಾಡುಗಳನ್ನೇ ಬಿಡಿಸಿ ನೋಡುವ ಒಂದು ಸರಣಿ ಇದೆ. ಒಂದೂವರೆ ನಿಮಿಷದ ಹಾಡಿನಲ್ಲಿ ಎಷ್ಟು ವಿಷಯ ಅಡಗಿಸಿರುತ್ತಾರೆ ಅಂತ ಆಗ ತಿಳಿಯುತ್ತದೆ. ಊಟದ ಹೊತ್ತಿಗೆ ಚೆನ್ನಾಗಿರುತ್ತದೆ.

ನಗಬೇಕು ಅನ್ನಿಸಿದರೆ 'ಗಿಗಕ್' ಎಂಬ ಚಾನೆಲ್‌ನವನು. ಥಾಯ್ ಮೂಲದ ಬ್ರಿಟಿಷ್ ಹುಡುಗ, ಈಗ ಜಪಾನಿನಲ್ಲಿದ್ದಾನೆ. ಹೊಸ ಅನಿಮೆಗಳ ಸೀಸನ್ ಬಂದಾಗ ಯಾವುದು ನೋಡಬಹುದು ಅಂತ ಪಟಪಟ ಹೇಳಿಬಿಡುತ್ತಾನೆ. 2020ರಿಂದ ಇನ್ನಿಬ್ಬರು ಗೆಳೆಯರ ಜೊತೆ 'ಟ್ರ್ಯಾಶ್ ಟೇಸ್ಟ್' ಅಂತ ಮಾತುಕತೆಯ ಕಾರ್ಯಕ್ರಮವನ್ನೂ ನಡೆಸುತ್ತಿದ್ದಾನೆ. ಅದು ಉದ್ದ ಜಾಸ್ತಿ. ನಾನು ಅಡಿಕೆಯ ಸಿಪ್ಪೆಗೋಟು ಆರಿಸುತ್ತಾ ಕೇಳುತ್ತೇನೆ, ಕೂತು ನೋಡುವುದಿಲ್ಲ.

ಇವರೆಲ್ಲ ಮಾತಾಡುವುದು ಇಂಗ್ಲಿಷಿನಲ್ಲಿ. ನಾವು ಓದಿದ್ದು ಕನ್ನಡ ಶಾಲೆಯಲ್ಲಿ. ಮೊದಮೊದಲು ನನಗೂ ಅರ್ಧ ತಲೆಯ ಮೇಲೇ ಹೋಗುತ್ತಿತ್ತು. ವೇಗವನ್ನು ಮುಕ್ಕಾಲಿಗೆ ಇಳಿಸು, ಕೆಳಗೆ ಅಕ್ಷರ ಬರುವ ಹಾಗೆ ಮಾಡಿಕೋ. ಹತ್ತು ವಿಡಿಯೊ ಆಗುವಷ್ಟರಲ್ಲಿ ಕಿವಿ ಹೊಂದಿಕೊಳ್ಳುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಮೊದಲು ಅನಿಮೆ ನೋಡು, ಆಮೇಲೆ ಅದರ ಬಗ್ಗೆ ವಿಡಿಯೊ. ನಾನು ತಿಂಗಳುಗಟ್ಟಲೆ ಕಾದು, ಪೇಟೆಗೆ ಹೋದಾಗಲೆಲ್ಲ ಎರಡೆರಡು ಕಂತು ಇಳಿಸಿಕೊಂಡು ನೋಡುತ್ತಿದ್ದ ಒಂದು ಸರಣಿಯ ಕೊನೆಯನ್ನು ಒಂದು ಚಾನೆಲ್‌ನವರು ವಿಡಿಯೊ ತೆರೆಯುವ ಮುಂಚೆ ಕಾಣುವ ಚಿತ್ರದಲ್ಲೇ ಹಾಕಿಬಿಟ್ಟಿದ್ದರು. ಯಾರು ಸಾಯುತ್ತಾರೆ ಅಂತ ಮುಖದ ಸಮೇತ. ಆ ಬೇಸರ ಇನ್ನೂ ಹೋಗಿಲ್ಲ. 'ಟಾಪ್ ಹತ್ತು' ಅಂತ ಪಟ್ಟಿ ಓದುವವರನ್ನೂ ಬಿಟ್ಟುಬಿಡು. ಅವರು ಹೆಸರು ಹೇಳುತ್ತಾರೆ, ಏನನ್ನೂ ತೋರಿಸುವುದಿಲ್ಲ.

ಯಾರ ವಿಡಿಯೊವೂ ಬೇಡದ ಒಂದು ಅನಿಮೆಯೂ ಇದೆ, ಕನಿಷ್ಠ ನಮ್ಮ ಕಡೆಯವರಿಗೆ. 'ಮುಶಿಶಿ', 2005ರದು, 26 ಕಂತು. ಗಿಡವೂ ಅಲ್ಲದ, ಪ್ರಾಣಿಯೂ ಅಲ್ಲದ 'ಮುಶಿ' ಎಂಬ ಜೀವಗಳು. ಅವುಗಳಿಂದ ತೊಂದರೆಗೆ ಸಿಕ್ಕವರ ಮನೆಗೆ ಬರುವ ಗಿಂಕೊ ಎಂಬ ಅಲೆಮಾರಿ. ಸುತ್ತ ಕಾಡು, ಗುಡ್ಡ, ಮಂಜು, ಒಂಟಿ ಮನೆಗಳು. ನೆಲದ ಅಡಿಯಲ್ಲಿ ಬೆಳಕಿನ ಹೊಳೆಯೊಂದು ಹರಿಯುತ್ತದೆ. ನಾನು ಅದನ್ನು ಮೊದಲು ನೋಡಿದ್ದು ಇಂಥದ್ದೇ ಮಳೆಯ ರಾತ್ರಿ, ಲ್ಯಾಪ್‌ಟಾಪಿನ ಚಾರ್ಜ್ ಮುಗಿಯುವವರೆಗೆ. ಮುಗಿದ ಮೇಲೆ ಹೊರಗೆ ಬಂದೆ. ಹಿತ್ತಿಲ ಆಚೆ ಬಿದ್ದು ಕೊಳೆತ ಮರದ ಮೇಲೆ ಅಣಬೆ ತೆಳ್ಳಗೆ ಹಸಿರಾಗಿ ಹೊಳೆಯುತ್ತಿತ್ತು. ಮಳೆಗಾಲದಲ್ಲಿ ನಮ್ಮ ಕಾಡಿನಲ್ಲಿ ಇದು ಇರುವುದೇ. ಚಿಕ್ಕಂದಿನಿಂದ ನೋಡಿದ್ದೆ. ಅವತ್ತು ಮಾತ್ರ ಕಾಲು ಕದಲಲಿಲ್ಲ. ತುಂಬಾ ಹೊತ್ತು ನೆನೆಯುತ್ತಾ ಅಲ್ಲೇ ನಿಂತಿದ್ದೆ.

ಅವತ್ತೇ ಅನ್ನಿಸಿದ್ದು, 'ಮುಶಿಶಿ' ಬಗ್ಗೆ ಕನ್ನಡದಲ್ಲಿ ಮಾತಾಡಬೇಕು ಅಂತ. ಈ ಮಳೆ, ಈ ಕಾಡು, ಭೂತನ ಬನ, ಚೌಡಿ ಕಲ್ಲು ಇದೆಲ್ಲ ಗೊತ್ತಿರುವವರು ಅದರ ಬಗ್ಗೆ ಹೇಳುವುದೇ ಬೇರೆ ಇರುತ್ತದೆ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು, ನೀನಾಸಂನವರು ಎಪ್ಪತ್ತರ ದಶಕದಲ್ಲೇ ದೇಶ ವಿದೇಶದ ಸಿನಿಮಾ ತಂದು ಹಳ್ಳಿಯವರಿಗೆ ತೋರಿಸಿದರು. ಸಿನಿಮಾ ನೋಡುವುದು ಹೇಗೆ ಅಂತ ಶಿಬಿರವನ್ನೇ ಮಾಡಿದರು. ಅಡಿಕೆ ತೋಟದವರಿಗೆ ಇದೆಲ್ಲ ಯಾಕೆ ಅಂತ ಅವರು ಯೋಚಿಸಲಿಲ್ಲ. ನಮ್ಮ ಹತ್ತಿರ ಈಗ ಒಂದು ಫೋನ್ ಇದೆ. ನಿನಗೆ ಒಳ್ಳೆಯ ದನಿ ಇದೆ, ಶಾಲೆಯ ವಾರ್ಷಿಕೋತ್ಸವಕ್ಕೆಲ್ಲ ನೀನೇ ನಿರೂಪಣೆ ಮಾಡುತ್ತಿದ್ದೆ. ನಾನು ಬರೆಯುತ್ತೇನೆ, ನೀನು ಓದು. ದೀಪಾವಳಿಗೆ ಊರಿಗೆ ಬರುತ್ತೀಯಲ್ಲ, ಆಗ ಕೂತು ಒಂದು ಮಾಡಿ ನೋಡೋಣ. ಹತ್ತು ನಿಮಿಷದ್ದು ಸಾಕು. ಸುಮ್ನೆ ಹೇಳುತ್ತಿಲ್ಲ, ಮೊದಲ ಎರಡು ಪುಟ ಬರೆದಿಟ್ಟಿದ್ದೇನೆ.

ಅಷ್ಟರಲ್ಲಿ ಕೋನ್ ವಿಡಿಯೊ ನೋಡಿರು. ಭಾನುವಾರ ಬೆಳಿಗ್ಗೆ ಫೋನ್ ಮಾಡು, ಸಂಜೆ ಮಳೆ ಜೋರಾದರೆ ಟವರ್ ಇರುವುದಿಲ್ಲ. ಅದರಲ್ಲಿ ನಿನ್ನ ಕಣ್ಣಿಗೆ ಬಿದ್ದದ್ದು ಏನು ಅಂತ ಮೊದಲು ಹೇಳು. ಮನೆ ಸುದ್ದಿ ಆಮೇಲೆ.

ಅಮ್ಮ ನಿನ್ನನ್ನು ಕೇಳಿದರು. ಕಳಲೆ ಉಪ್ಪಿನಕಾಯಿ ಹಾಕಿದ್ದಾರೆ, ನಿನ್ನ ಪಾಲಿನ ಬಾಟಲಿ ತೆಗೆದಿಟ್ಟಿದೆ.

ನಿನ್ನ ಗೆಳೆಯ