ಕೊನೆಯ ಪುಟದ ಮುದ್ರೆಗಳನ್ನು ಎಣಿಸಿ: ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,

ನಮಸ್ಕಾರ. ಶಾಲೆಗಳ ವಿಷಯವಾಗಿ ನಿಮಗೆ ದಿನಾ ಎಷ್ಟೋ ಪತ್ರ ಬರುತ್ತಿರಬಹುದು. ನಾನು ಬರೆಯುತ್ತಿರುವುದು ನಿಮ್ಮ ಕೈಯಲ್ಲೇ ಇರುವ ಇನ್ನೊಂದು ಇಲಾಖೆಯ ಬಗ್ಗೆ, ಸಾರ್ವಜನಿಕ ಗ್ರಂಥಾಲಯದ ಬಗ್ಗೆ. ನಾನು ತಿಪಟೂರಿನವಳು. ಹಗಲು ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬೆಳಗಿನ ಜಾವ ನಾಲ್ಕೂವರೆಯಿಂದ ಆರೂವರೆವರೆಗೆ ಕಾದಂಬರಿ ಬರೆಯುತ್ತೇನೆ.

ಹೋದ ತಿಂಗಳು ನಮ್ಮ ತಾಲ್ಲೂಕಿನ ಒಂದು ಹಳ್ಳಿಗೆ ನಾಮಕರಣಕ್ಕೆ ಹೋಗಿದ್ದೆ. ಊಟಕ್ಕೆ ಇನ್ನೂ ಹೊತ್ತಿತ್ತು. ಪಂಚಾಯಿತಿ ಪಕ್ಕದ ಅರಿವು ಕೇಂದ್ರದ, ಅಂದರೆ ಹಳ್ಳಿ ಗ್ರಂಥಾಲಯದ, ಬಾಗಿಲು ತೆರೆದಿತ್ತು, ಒಳಗೆ ಹೋದೆ. ಎರಡು ವರ್ಷದ ಹಿಂದೆ ಅಲ್ಲಿಗೆ ನನ್ನ ಕಾದಂಬರಿಯ ಒಂದು ಪ್ರತಿ ಕೊಟ್ಟಿದ್ದೆ. ಹುಡುಕಿದೆ, ಸಿಕ್ಕಿತು. ಮುಖಪುಟ ಕಿತ್ತುಹೋಗಿತ್ತು. ಯಾರೋ ಹಳೇ ಕ್ಯಾಲೆಂಡರ್ ಹಾಳೆಯ ಹೊದಿಕೆ ಹಾಕಿದ್ದರು. ಕೊನೆಯ ಪುಟಕ್ಕೆ ಅಂಟಿಸಿದ ಚೀಟಿಯ ಮೇಲೆ ದಿನಾಂಕದ ಮುದ್ರೆಗಳಿದ್ದವು. ಎಣಿಸಿದೆ, ಹದಿನಾಲ್ಕು. ಬರೆದವಳು ನಾನೇ ಎಂದು ಗೊತ್ತಿಲ್ಲದ ಮೇಲ್ವಿಚಾರಕಿ, "ಅದನ್ನ ಜಾಸ್ತಿ ಹೆಂಗಸರೇ ತಗೊಂಡು ಹೋಗ್ತಾರೆ ಕಣಕ್ಕ. ಒಬ್ರು ಎರಡು ಸಲ ತಗೊಂಡು ಹೋದ್ರು" ಎಂದರು.

ಆ ಚೀಟಿಯ ಫೋಟೊ ತೆಗೆದುಕೊಂಡು ಬಂದೆ. ಈಗ ಬರೆಯಲು ಕೂರುವ ಮುಂಚೆ ಒಮ್ಮೆ ಅದನ್ನು ನೋಡುತ್ತೇನೆ. ಈ ಪತ್ರ ಬರೆಯಲು ಕಾರಣವೂ ಅದೇ.

ನಮ್ಮ ಕಡೆ ತೆಂಗಿನಕಾಯಿ ಕಿತ್ತು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಸುಮ್ನೆ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪು ಬಿಡಬೇಕು. ಆಗ ಅದು ಉಂಡೆ ಕೊಬ್ಬರಿ. ಆತುರಪಟ್ಟು ಒಡೆದರೆ ಕೈಗೆ ಬರುವುದು ಹಸಿ ತಿರುಳು. ನನ್ನ ಕಾದಂಬರಿ ನಾಲ್ಕು ವರ್ಷ ಅಟ್ಟದ ಮೇಲಿತ್ತು. ಕೊಬ್ಬರಿ ಸುಲಿಯುವ ಅಕ್ಕ ತಂಗಿಯರ ಕತೆ ಅದು. ತಂಗಿ ಮನೆ ಬಿಟ್ಟು ಹೊರಡುವ ಅಧ್ಯಾಯವನ್ನು ಒಂಬತ್ತು ಸಲ ಬರೆದೆ. ಒಂಬತ್ತು ಸಲವೂ ಅವಳು ನನ್ನ ಹಾಗೇ ಮಾತಾಡುತ್ತಿದ್ದಳು. ಬರೆಯುವವರಿಗೆ ಇದಕ್ಕಿಂತ ದೊಡ್ಡ ಸಂಕಟ ಇಲ್ಲ. ಕತೆ ಗೊತ್ತಿರುತ್ತದೆ, ಆದರೆ ಕತೆಯೊಳಗಿನ ಹೆಣ್ಣು ಬಾಯಿ ಬಿಡುವುದಿಲ್ಲ. ಒಂದು ದಿನ ಮಂಡಿಯಲ್ಲಿ ಕೂಲಿ ಇಸಿದುಕೊಳ್ಳಲು ಬಂದ ಅಜ್ಜಿಯೊಬ್ಬರು ನನ್ನ ಲೆಕ್ಕದ ಪುಸ್ತಕದ ಕಡೆ ಕೈ ತೋರಿಸಿ, "ಇದರಾಗೆ ನಾನು ಇದುವರ್ಗೂ ಎಷ್ಟು ಚೀಲ ಆಗಿದೀನಿ, ನೋಡಿ ಹೇಳವ್ವ" ಎಂದರು. ಮಾರನೇ ದಿನ ಬೆಳಗ್ಗೆ ಆ ಅಧ್ಯಾಯ ಒಂದೇ ಏಟಿಗೆ ಬಂತು.

ಈ ನಾಲ್ಕು ವರ್ಷದ ಕೆಲಸಕ್ಕೆ ಯಾರೂ ಸಂಬಳ ಕೊಡಲಿಲ್ಲ. ಕೊಡಬೇಕು ಎಂದು ನಾನು ಕೇಳುತ್ತಲೂ ಇಲ್ಲ. ಬರೆಯುವುದು ನನ್ನ ಆಯ್ಕೆ. ಕಷ್ಟ ಶುರುವಾಗುವುದು ಬರೆದು ಮುಗಿದ ಮೇಲೆ.

ಒಬ್ಬ ಪ್ರಕಾಶಕರು ಹಸ್ತಪ್ರತಿಯನ್ನು ಒಂದೂವರೆ ವರ್ಷ ಇಟ್ಟುಕೊಂಡರು. ಆಮೇಲೆ, ಖರ್ಚು ನೀವೇ ಹಾಕುವುದಾದರೆ ನೋಡೋಣ ಎಂದರು. ಹಾಗಾದರೆ ನಾನೇ ಮಾಡುತ್ತೇನೆ ಎಂದು ಹೊರಟೆ. ಪುಸ್ತಕದ ಗುರುತಿಗೆ ಬೇಕಾದ ಐಎಸ್‌ಬಿಎನ್ ಸಂಖ್ಯೆಗೆ ನಮ್ಮ ದೇಶದಲ್ಲಿ ದುಡ್ಡು ಕೊಡಬೇಕಿಲ್ಲ, ಅದೊಂದು ಸುಲಭವಾಯಿತು. ಪುಟವಿನ್ಯಾಸ, ಕರಡು ತಿದ್ದುವವರು, ಮುಖಪುಟ, ಮುದ್ರಣ ಎಲ್ಲ ಸೇರಿ 500 ಪ್ರತಿಗೆ 52,000 ರೂಪಾಯಿ ಆಯಿತು. ಬೆಲೆ 200 ರೂಪಾಯಿ ಇಟ್ಟೆ. ಅಂಗಡಿಯವರು ನೂರಕ್ಕೆ ನಲವತ್ತು ಹಿಡಿದುಕೊಳ್ಳುತ್ತಾರೆ. ಅವರಿಗೂ ಬಾಡಿಗೆ, ಕರೆಂಟು ಇದೆ, ಅವರನ್ನು ದೂರುವುದಿಲ್ಲ. ನನಗೆ ಉಳಿಯುವುದು 120. ಅಂದರೆ ಅಂಗಡಿಗಳಲ್ಲಿ ಸುಮಾರು 433 ಪ್ರತಿ ಹೋದರೆ ಹಾಕಿದ ದುಡ್ಡು ವಾಪಸು. ಮೂರು ವರ್ಷದಲ್ಲಿ 310 ಹೋಗಿವೆ. ಒಂದು ಅಂಗಡಿಯಿಂದ ಇನ್ನೂ ಹಣ ಬಂದಿಲ್ಲ. 60 ಪ್ರತಿ ಗೌರವಪ್ರತಿಯಾಗಿ ಕೊಟ್ಟೆ. ಉಳಿದವು ಮಂಚದ ಕೆಳಗಿವೆ. ಈ ನಡುವೆ ಅದೇ ಪುಸ್ತಕವನ್ನು ಯಾರೋ ಸ್ಕ್ಯಾನ್ ಮಾಡಿದ್ದಾರೆ. ಪಿಡಿಎಫ್ ಓಡಾಡುತ್ತಾ ನನ್ನ ವಾಟ್ಸ್ಆ್ಯಪ್‌ಗೂ ಬಂತು.

2025ರ ಮೇ ತಿಂಗಳಲ್ಲಿ ಪಕ್ಕದ ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂತಲ್ವಾ, ಆ ವಾರವೆಲ್ಲ ನಮ್ಮ ಮಂಡಿಯಲ್ಲೂ ಅದೇ ಮಾತು. ನನಗೂ ಎಷ್ಟು ಹೆಮ್ಮೆಯಾಯಿತು! ಆದರೆ ಅಂಥ ಒಬ್ಬರು ಬೆಳೆಯಬೇಕಾದರೆ ಸುತ್ತ ನೂರಾರು ಜನ ಬರೆಯುತ್ತಿರಬೇಕು. ಅವರು ಎರಡನೇ ಪುಸ್ತಕಕ್ಕೆ ಮೊದಲೇ ಕೈ ಚೆಲ್ಲಿ ಕೂರಬಾರದು.

ಈಗ ನನ್ನ ಬೇಡಿಕೆ. ಗ್ರಂಥಾಲಯದಿಂದ ಒಂದು ಪುಸ್ತಕವನ್ನು ಓದುಗರು ಎರವಲು ಒಯ್ದಾಗಲೆಲ್ಲ ಅದನ್ನು ಬರೆದವರಿಗೆ ಒಂದು ಸಣ್ಣ ಮೊತ್ತ ಸರ್ಕಾರದಿಂದ ಹೋಗಬೇಕು. ಇದು ಹೊಸ ಕಲ್ಪನೆ ಏನಲ್ಲ. ಗ್ರಂಥಾಲಯದಲ್ಲಿರುವ ಪುಸ್ತಕಕ್ಕಾಗಿ ಬರೆದವರಿಗೆ ಹಣ ಕೊಡುವ ಪದ್ಧತಿಯನ್ನು ಡೆನ್ಮಾರ್ಕ್ 1946ರಲ್ಲೇ ಶುರು ಮಾಡಿತು. ಅಲ್ಲಿ ಅದು ಡೇನಿಶ್ ಭಾಷೆಯ ಪುಸ್ತಕಗಳಿಗೆ. ಸುಮಾರು 60 ಲಕ್ಷ ಜನರ ದೇಶ ತನ್ನ ನುಡಿಗಾಗಿ ಇಷ್ಟು ಮಾಡುತ್ತದೆ. ಕನ್ನಡ ತಾಯ್ನುಡಿಯಾದವರು 2011ರ ಜನಗಣತಿಯಲ್ಲೇ 4 ಕೋಟಿ ದಾಟಿದ್ದರು. ಬ್ರಿಟನ್ 1979ರಲ್ಲಿ ಇದಕ್ಕೆ ಕಾಯ್ದೆ ಮಾಡಿತು. ಅಲ್ಲಿ ಪ್ರತಿ ಗ್ರಂಥಾಲಯದ ಲೆಕ್ಕ ತೆಗೆಯುವುದಿಲ್ಲ. ಕೆಲವನ್ನು ಮಾದರಿಯಾಗಿ ಆರಿಸಿಕೊಂಡು, ಅದರ ಮೇಲೆ ಒಟ್ಟು ಎರವಲನ್ನು ಅಂದಾಜು ಮಾಡುತ್ತಾರೆ. ಒಬ್ಬ ಲೇಖಕರಿಗೆ ವರ್ಷಕ್ಕೆ ಇಷ್ಟೇ ಎಂಬ ಮಿತಿಯೂ ಇದೆ. ಹೀಗಾಗಿ ಹೆಸರು ಮಾಡಿದವರಿಗೇ ಎಲ್ಲ ಹಣ ಹೋಗುವುದಿಲ್ಲ. ಮಿತಿ ನನಗೆ ತುಂಬ ಹಿಡಿಸಿದ ಅಂಶ.

ಸಗಟು ಖರೀದಿ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ಅದು ಉಳಿಯಲೂಬೇಕು. ಆಯ್ಕೆಯಾದ ಪುಸ್ತಕದ 300 ಪ್ರತಿಗಳನ್ನು ನಿಮ್ಮ ಇಲಾಖೆ ಗ್ರಂಥಾಲಯಗಳಿಗಾಗಿ ಕೊಳ್ಳುವ ಯೋಜನೆ ಅದು. ಕನ್ನಡದ ಎಷ್ಟೋ ಸಣ್ಣ ಪ್ರಕಾಶಕರು ಅದರಿಂದಲೇ ಉಸಿರಾಡುತ್ತಿದ್ದಾರೆ. ಆದರೆ ಪುಸ್ತಕ ಬಂದ ವರ್ಷ ಒಂದು, ಖರೀದಿಯಾಗುವ ವರ್ಷ ಇನ್ನೊಂದು ಎಂಬ ದೂರು ಹಳೆಯದು. ಒಮ್ಮೆ ಕೊಂಡ ಮೇಲೆ ಆ ಪುಸ್ತಕವನ್ನು ಒಬ್ಬರು ಓದಿದರೋ ಸಾವಿರ ಜನ ಓದಿದರೋ, ಬರೆದವರಿಗೆ ಗೊತ್ತೇ ಆಗುವುದಿಲ್ಲ. ಸ್ವಂತವಾಗಿ ಪ್ರಕಟಿಸುವ ನನ್ನಂಥವರಿಗೆ ಹಣಕ್ಕಿಂತ ಜಾಸ್ತಿ ನೋಯಿಸುವುದು ಇದೇ. ಆ ಹದಿನಾಲ್ಕು ಮುದ್ರೆ ನಾನು ನೋಡಿದ್ದು ಅಂದು ಊಟ ತಡವಾದ್ದರಿಂದ.

ದುಡ್ಡು ಎಲ್ಲಿಂದ? 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ವಸೂಲಾಗುತ್ತದೆ. ನಮ್ಮ ಮನೆ ಕಂದಾಯದ ರಸೀದಿಯಲ್ಲೂ ಆ ಸಾಲು ಇದೆ. ಜನ ಪುಸ್ತಕಕ್ಕೆಂದೇ ಕೊಟ್ಟ ಹಣ ಅದು. ನಗರ ಸಂಸ್ಥೆಗಳು ಅದನ್ನು ಪೂರ್ತಿ ಇಲಾಖೆಗೆ ಕಟ್ಟುವಂತೆ ಮೊದಲು ಮಾಡಿ. ಅದರಲ್ಲಿ ಒಂದು ಸಣ್ಣ ಪಾಲನ್ನು ಇದಕ್ಕೆ ಎತ್ತಿಡಿ.

ಒಮ್ಮೆಗೇ ರಾಜ್ಯಕ್ಕೆಲ್ಲ ಬೇಡ. ಒಂದು ಜಿಲ್ಲೆಯಲ್ಲಿ ಮೂವತ್ತು ಗ್ರಂಥಾಲಯ ಆರಿಸಿ. ಡಿಜಿಟಲ್ ಗ್ರಂಥಾಲಯದಲ್ಲಿ ಯಾರು ಏನು ತೆರೆದರು ಎಂಬ ಲೆಕ್ಕ ಸಿಗುವುದು ಕಷ್ಟವಲ್ಲ, ಅದನ್ನೂ ಸೇರಿಸಿ. ಹಳ್ಳಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಹೋದವು. 5,600ಕ್ಕೂ ಹೆಚ್ಚು ಇವೆ ಅವು. ನನ್ನ ಓದುಗರು ಇರುವುದು ಅಲ್ಲಿ. ದಯವಿಟ್ಟು ಆ ಇಲಾಖೆಯ ಸಚಿವರ ಜೊತೆ ಕೂತು ಮಾತಾಡಿ, ಅವನ್ನು ಹೊರಗೆ ಬಿಡಬೇಡಿ. ಒಂದು ಎರವಲಿಗೆ ಎರಡು ರೂಪಾಯಿ ಕೊಟ್ಟರೂ ನನಗೆ ಸಂತೋಷ. ಹದಿನಾಲ್ಕು ಸಲಕ್ಕೆ 28 ರೂಪಾಯಿ. ಅದರ ಜೊತೆ ಯಾವ ತಾಲ್ಲೂಕಿನಲ್ಲಿ ಎಷ್ಟು ಸಲ ಎಂಬ ಪಟ್ಟಿ ವರ್ಷಕ್ಕೊಮ್ಮೆ ಬರೆದವರ ಕೈಗೆ ಬರಲಿ.

ಲೆಕ್ಕ ಬರೆಯುವುದು ನನ್ನ ಕಸುಬು. ನಮ್ಮ ತಾಲ್ಲೂಕಿನ ಅರಿವು ಕೇಂದ್ರಗಳ ಚೀಟಿಗಳನ್ನು ಎಣಿಸಲು ಜನ ಬೇಕಾದರೆ ತಿಳಿಸಿ. ಮಂಡಿಗೆ ರಜೆ ಇದ್ದ ದಿನ ನಾನೇ ಹೋಗಿ ಎಣಿಸಿ, ಬರೆದು ಕೊಡುತ್ತೇನೆ.

ಇಂತಿ,
ತಿಪಟೂರಿನ ಒಬ್ಬ ಕಾದಂಬರಿಗಾರ್ತಿ